ಗೆದ್ದ ಹುಡುಗರು ಎಲ್ಲಿ ಹೋದರು?

ಕಲಬುರಗಿ ಸೀಮೆಯವರಿಗೆ ಶಾಸನದ ಮಾತು ಹೊಸದಲ್ಲ. ಮಳಖೇಡದಲ್ಲಿ ರಾಜಧಾನಿ ಕಟ್ಟಿಕೊಂಡು ರಾಷ್ಟ್ರಕೂಟರು ಆಳಿದ ನೆಲವಿದು. ಶಾಸನವೆಂದರೆ ಮೊದಲು ವಂಶಾವಳಿ. ಯಾರ ತರುವಾಯ ಯಾರು ಪಟ್ಟಕ್ಕೆ ಬಂದರು, ಯಾರು ಯಾರನ್ನು ಗೆದ್ದರು ಎಂಬ ವಿವರ. ಊರ ಹೊರಗೆ, ಹೊಲದ ಬದುವಿನಲ್ಲಿಯೋ ಹನುಮಂತ ದೇವರ ಗುಡಿಯ ಹಿಂದೆಯೋ ನಿಂತಿರುವ ವೀರಗಲ್ಲಿನ ಮಾತೇ ಬೇರೆ. ಅದರಲ್ಲಿ ಅರಸನ ಹೆಸರು ಇದ್ದರೂ ಇರಬಹುದು. ಆದರೆ ಕಲ್ಲು ನಿಂತಿರುವುದು ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದ ಯಾವನೋ ಒಬ್ಬ ಆಳಿಗಾಗಿ. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಈ ಎರಡು ಬಗೆಯ ಕಲ್ಲುಗಳನ್ನು ಜೊತೆಯಲ್ಲಿಟ್ಟು ಓದುವ ಅಭ್ಯಾಸ ಬಿದ್ದಿದೆ. ಇಂದು ಅದೇ ಅಭ್ಯಾಸದಿಂದ ಒಂದು ಆಟದ ಪಟ್ಟಿಯನ್ನು ಓದಬೇಕೆಂದಿದ್ದೇನೆ. ಅದು ಕಿರಿಯರ ಅಂತರರಾಷ್ಟ್ರೀಯ ಹಾಕಿ ಪಂದ್ಯಾವಳಿಗಳಲ್ಲಿ ಗೆದ್ದವರ ಪಟ್ಟಿ.

ಆಳಂದ, ಅಫಜಲಪುರ, ಜೇವರ್ಗಿಯ ಕೇಳುಗರು ಹಾಕಿಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡುವುದಿಲ್ಲ; ಬೇಸಗೆಯಲ್ಲಿ ಬಿರುಕು ಬಿಟ್ಟಾಗ ಚೆಂಡನ್ನೇನು, ಆಡುವವನ ಪಾದವನ್ನೇ ನುಂಗೀತು. ಇಲ್ಲಿ ಜಾತ್ರೆಯ ಕುಸ್ತಿ, ಕಬಡ್ಡಿ, ಚಿನ್ನಿದಾಂಡು ಬೆಳೆದವು, ಹಾಕಿ ಬೆಳೆಯಲಿಲ್ಲ. ಆದರೂ ಹಾಕಿ ನಮ್ಮ ಮನೆಗಳಿಗೆ ಬಂದಿತ್ತು, ರೇಡಿಯೋದ ದಾರಿಯಿಂದ. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ನಾನು ಹೈಸ್ಕೂಲಿನ ಹುಡುಗ. ಜಸದೇವ ಸಿಂಗರ ಹಿಂದಿ ವೀಕ್ಷಕ ವಿವರಣೆ ಪೂರ್ತಿ ಅರ್ಥವಾಗದಿದ್ದರೂ ಅವರ ಉಸಿರಿನ ಏರಿಳಿತದಿಂದಲೇ ಚೆಂಡು ಎಲ್ಲಿದೆಯೆಂದು ಊಹಿಸುತ್ತಿದ್ದೆವು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ನಮ್ಮ ಕೇರಿಯ ಹಿರಿಯರೊಬ್ಬರು ‘ಹಾಕಿ’ ಎಂಬುದನ್ನು ಕನ್ನಡದ ಕ್ರಿಯಾಪದವೆಂದೇ ತಿಳಿದಿದ್ದರು. ‘ಏನು ಹಾಕಿ? ಎಲ್ಲಿ ಹಾಕಿ?’ ಎಂದು ಅವರು ಕೇಳುತ್ತಿದ್ದುದು ಇಂದಿಗೂ ನೆನಪಿದೆ. ವ್ಯಾಕರಣದ ದೃಷ್ಟಿಯಿಂದ ಅವರ ಪ್ರಶ್ನೆಯಲ್ಲಿ ದೋಷವಿರಲಿಲ್ಲ.

ಲೋಕದಲ್ಲಿ ಹಾಕಿ ಎರಡು ಬಗೆಯದು. ನೆಲದ ಹಾಕಿ ನಮಗೆ ಗೊತ್ತಿರುವುದು. ಇನ್ನೊಂದು ಮಂಜುಗಡ್ಡೆಯ ಮೇಲೆ, ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಹೊಡೆಯುತ್ತ ಆಡುವುದು. ಮಂಜುಗಡ್ಡೆಗೆ ‘ಬರ್ಫು’ ಎಂದು ಹೇಳಿ ಅದನ್ನು ಶರಬತ್ತಿನ ಲೋಟದಲ್ಲಿ ಮಾತ್ರ ಕಂಡಿರುವ ನಮಗೆ ಇದು ದೂರದ ಮಾತು; ಭಾರತದಲ್ಲಿ ಲಡಾಖಿನ ಹುಡುಗರು ಹೆಪ್ಪುಗಟ್ಟಿದ ಕೊಳಗಳ ಮೇಲೆ ಇದನ್ನು ಆಡುತ್ತಾರೆ. ಇಪ್ಪತ್ತು ವರ್ಷದೊಳಗಿನವರಿಗೆ ಇದರ ವಿಶ್ವ ಚಾಂಪಿಯನ್‌ಷಿಪ್ ಅಧಿಕೃತವಾಗಿ ಮೊದಲಾದದ್ದು 1977ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಮೊದಲ ನಾಲ್ಕು ವರ್ಷ ಸೋವಿಯೆತ್ ಒಕ್ಕೂಟವೇ ಗೆದ್ದಿತು. ಮುಂದೆ ಕೆನಡಾ 1993ರಿಂದ 1997ರವರೆಗೆ ಸತತ ಐದು ಬಾರಿ, 2005ರಿಂದ 2009ರವರೆಗೆ ಮತ್ತೆ ಐದು ಬಾರಿ ಗೆದ್ದು ಪಟ್ಟವನ್ನು ತನ್ನ ಮನೆತನದ್ದಾಗಿ ಮಾಡಿಕೊಂಡಿತು.

ಈ ಪಟ್ಟಿಯಲ್ಲಿ ಎರಡು ಸಾಲುಗಳು ನನ್ನನ್ನು ತಡೆದು ನಿಲ್ಲಿಸುತ್ತವೆ. 1987ರ ಎದುರಿಗೆ ಫಿನ್ಲೆಂಡ್ ಎಂದಿದೆ. ಆ ವರ್ಷದ ಜನವರಿ 4ರಂದು ಚೆಕೊಸ್ಲೊವಾಕಿಯಾದ ಪೀಯೆಷ್ಟ್ಯಾನಿಯಲ್ಲಿ ಕೆನಡಾ ಮತ್ತು ಸೋವಿಯೆತ್ ತಂಡಗಳು ಕೊನೆಯ ಪಂದ್ಯ ಆಡುತ್ತಿದ್ದವು. ಕೆನಡಾ 4-2ರಿಂದ ಮುಂದಿತ್ತು. ಇದ್ದಕ್ಕಿದ್ದಂತೆ ಕೈ ಕೈ ಹತ್ತಿತು. ಎರಡೂ ಕಡೆಯ ಬೆಂಚಿನ ಮೇಲಿದ್ದ ಹುಡುಗರು ಕೂಡ ಒಳಕ್ಕೆ ನುಗ್ಗಿದರು. ತೀರ್ಪುಗಾರರು ಬಿಡಿಸಲಾರದೆ ಹೊರನಡೆದರು. ಸಂಘಟಕರಿಗೆ ಬೇರೆ ಉಪಾಯ ತೋರದೆ ದೀಪಗಳನ್ನೇ ಆರಿಸಿದರು. ಕತ್ತಲಲ್ಲಿಯೂ ಹೊಡೆದಾಟ ಮುಂದುವರಿಯಿತು. ಎರಡು ತಂಡಗಳನ್ನೂ ಹೊರಹಾಕಿದ ಮೇಲೆ ಚಿನ್ನ ಫಿನ್ಲೆಂಡಿನ ಪಾಲಾಯಿತು. ಇನ್ನೊಂದು ಸಾಲು 1992ರದು. ಜರ್ಮನಿಯಲ್ಲಿ ಆ ಪಂದ್ಯಾವಳಿ 1991ರ ಡಿಸೆಂಬರ್ 26ರಂದು ತೊಡಗಿತು. ಸೋವಿಯೆತ್ ಒಕ್ಕೂಟವು ವಿಧಿವತ್ತಾಗಿ ಇಲ್ಲವಾದದ್ದೂ ಅದೇ ದಿನ. ಸೋವಿಯೆತ್ ಹೆಸರಿನಲ್ಲಿ ಆಟಕ್ಕಿಳಿದ ಹುಡುಗರು ಹೊಸ ವರ್ಷ ಹುಟ್ಟಿದ ಮೇಲೆ ಸ್ವತಂತ್ರ ರಾಷ್ಟ್ರಗಳ ಕೂಟವೆಂಬ ಹೆಸರಿನಲ್ಲಿ ಆಡಿ ಚಿನ್ನ ಗೆದ್ದರು. ಊರಿಂದ ಹೊರಟಾಗ ಇದ್ದ ದೇಶ ಮರಳುವಾಗ ಇರಲಿಲ್ಲ. ಪಟ್ಟಿಯಲ್ಲಿ ಇದಕ್ಕೆ ಸಿಕ್ಕಿರುವುದು ಒಂದು ಸಾಲಿನ ಜಾಗ.

ಇನ್ನು ನಮ್ಮ ನೆಲದ ಹಾಕಿಗೆ ಬರೋಣ. ಇಪ್ಪತ್ತೊಂದು ವರ್ಷದೊಳಗಿನವರ ವಿಶ್ವಕಪ್ ಮೊದಲು ನಡೆದದ್ದು 1979ರಲ್ಲಿ, ಫ್ರಾನ್ಸಿನ ವರ್ಸೇಲ್ಸಿನಲ್ಲಿ. ಪಾಕಿಸ್ತಾನ ಗೆದ್ದಿತು. ಅನಂತರ 1982ರ ಕ್ವಾಲಾಲಂಪುರ, 1985ರ ವ್ಯಾಂಕೂವರ್, 1989ರ ಇಪೊ, 1993ರ ತೆರ್ರಾಸ್ಸಾ, ಈ ನಾಲ್ಕೂ ಕಡೆ ಜರ್ಮನರು. ಮೊದಲ ಮೂರು ಸಲ ಪಶ್ಚಿಮ ಜರ್ಮನಿಯೆಂಬ ಹೆಸರು, ನಾಲ್ಕನೆಯ ಸಲ ಒಂದಾದ ಜರ್ಮನಿ. ಈ ಕಾಲದಲ್ಲಿ ಆಟದ ನೆಲವೇ ಬದಲಾಗುತ್ತಿತ್ತೆಂಬುದನ್ನು ಮರೆಯಬಾರದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲುಹಾಸಿನ ಮೇಲೆ ಹಾಕಿ ನಡೆದು, ಭಾರತ ಏಳನೆಯ ಸ್ಥಾನಕ್ಕೆ ಇಳಿದಿತ್ತು. ಮಣ್ಣು ಹುಲ್ಲಿನ ಮೈದಾನದಲ್ಲಿ ಚೆಂಡು ಯಾವ ಕಡೆ ಪುಟಿದೀತೆಂದು ಹೇಳಲಾಗದು. ಅದನ್ನು ಕೋಲಿನ ತುದಿಯಲ್ಲಿ ಪಳಗಿಸುವ ಮಣಿಕಟ್ಟಿನ ಜಾಣ್ಮೆಯೇ ನಮ್ಮ ಬಂಡವಾಳವಾಗಿತ್ತು. ಸಮತಟ್ಟಾದ ಹಾಸಿನ ಮೇಲೆ ಚೆಂಡು ಗೆರೆ ಎಳೆದಂತೆ ಓಡುತ್ತದೆ. ಅಲ್ಲಿ ಬೇಕಾದದ್ದು ವೇಗ, ದಮ್ಮು, ಕಿರಿಯ ವಯಸ್ಸಿನಿಂದಲೇ ಅಂಥ ಹಾಸಿನ ಮೇಲೆ ಆಡಿದ ಅಭ್ಯಾಸ. ಹಣವಿದ್ದ ದೇಶಗಳು ಹಾಸುಗಳನ್ನು ಹಾಸಿಕೊಂಡವು. ನಮ್ಮ ಹುಡುಗರು ರಾಜ್ಯದ ತಂಡಕ್ಕೆ ಬಂದ ಮೇಲೆ ಅದನ್ನು ಮೊದಲ ಬಾರಿಗೆ ಮೆಟ್ಟುತ್ತಿದ್ದರು. ಜರ್ಮನರ ಆ ನಾಲ್ಕು ಗೆಲುವುಗಳಿಗೆ ಇದಷ್ಟೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಇದನ್ನು ಬಿಟ್ಟು ಕಾರಣ ಹೇಳಲಾಗದು.

1997ರಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸಿನಲ್ಲಿ ಭಾರತದ ಹುಡುಗರು ಫೈನಲ್ ತಲುಪಿ ಆಸ್ಟ್ರೇಲಿಯಾಕ್ಕೆ 3-2ರಿಂದ ಸೋತರು. ಅದೇ ವರ್ಷ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬವನ್ನು ಆರಂಭಿಸಿದರು. ಆ ವರ್ಷ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಹಬ್ಬದ ಹೊತ್ತಿಗೆ 360. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗಳೂ ಕೋಲು ಹಿಡಿಯುವ ಈ ಹಬ್ಬವನ್ನು ಕಂಡವರಿಗೆ, ಕರ್ನಾಟಕದ ಹಾಕಿ ಎಂದೊಡನೆ ಕೊಡಗಿನ ಹೆಸರೇ ಏಕೆ ಬರುತ್ತದೆಂದು ಬೇರೆ ಹೇಳಬೇಕಾಗಿಲ್ಲ. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಇವರೆಲ್ಲ ಅಲ್ಲಿನವರೇ.

ಅಲ್ಲಿನ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ 2001ರ ಅಕ್ಟೋಬರಿನಲ್ಲಿ ಟಾಸ್ಮೇನಿಯಾದ ಹೋಬಾರ್ಟಿನಲ್ಲಿ ಆಡಿದ ಕಿರಿಯರ ತಂಡದಲ್ಲಿದ್ದರು. ಗಗನ್ ಅಜಿತ್ ಸಿಂಗ್ ನಾಯಕ. ದೀಪಕ್ ಠಾಕೂರ್, ಪ್ರಭಜೋತ್ ಸಿಂಗ್, ಜುಗರಾಜ್ ಸಿಂಗ್ ಜೊತೆಗಾರರು. ಫೈನಲಿನಲ್ಲಿ ಅರ್ಜೆಂಟೀನಾ ಎದುರು 6-1. ಇದು ಗೆಲುವಲ್ಲ, ಸೂರೆ. ಕಿರಿಯರ ವಿಶ್ವಕಪ್ ಭಾರತಕ್ಕೆ ಬಂದದ್ದು ಅದೇ ಮೊದಲು. ಇನ್ನು ಹತ್ತು ವರ್ಷ ಲೋಕದ ಹಾಕಿ ನಮ್ಮದೇ ಎಂದು ಆಗ ಅನೇಕರು ಬರೆದರು. ನಾನೂ ನಂಬಿದೆ.

ಆದದ್ದು ಬೇರೆ. 2003ರಲ್ಲಿ ಕಾರು ಅಪಘಾತವೊಂದರಲ್ಲಿ ಜುಗರಾಜ್ ತೀವ್ರವಾಗಿ ಗಾಯಗೊಂಡರು. ಪೆನಾಲ್ಟಿ ಕಾರ್ನರಿನಲ್ಲಿ ಎದುರಾಳಿಗಳ ಎದೆ ನಡುಗಿಸುತ್ತಿದ್ದ ಆ ಹುಡುಗನ ಆಟದ ಬಾಳು ಇಪ್ಪತ್ತರ ಹರೆಯದಲ್ಲೇ ಮುಗಿದುಹೋಯಿತು. ಹೋಬಾರ್ಟಿನ ಉಳಿದವರಲ್ಲಿ ಹಲವರು 2004ರ ಅಥೆನ್ಸ್ ಒಲಿಂಪಿಕ್ಸಿಗೆ ಹೋದರು. ಹಾಲಪ್ಪನವರೂ ಹೋದರು. ಸ್ಥಾನ ಏಳನೆಯದು. 2008ರ ಮಾರ್ಚಿನಲ್ಲಿ ಚಿಲಿಯ ಸಾಂಟಿಯಾಗೋದಲ್ಲಿ ನಡೆದ ಅರ್ಹತಾ ಪಂದ್ಯದಲ್ಲಿ ಬ್ರಿಟನ್ನಿಗೆ ಸೋತು, 1928ರಿಂದ ಒಮ್ಮೆಯೂ ತಪ್ಪದೆ ಒಲಿಂಪಿಕ್ಸಿನಲ್ಲಿ ಆಡಿದ್ದ ಭಾರತ ಬೀಜಿಂಗಿಗೆ ಹೋಗಲಾಗದೆ ಮನೆಯಲ್ಲಿ ಉಳಿಯಿತು. ಹೋಬಾರ್ಟಿಗೂ ಸಾಂಟಿಯಾಗೋಗೂ ನಡುವೆ ಏಳು ವರ್ಷ ತುಂಬಿರಲಿಲ್ಲ. ಹೋಬಾರ್ಟಿನಲ್ಲಿ ನಮ್ಮಿಂದ ಆರು ಗೋಲು ತಿಂದ ಅರ್ಜೆಂಟೀನಾ 2005ರಲ್ಲಿ ರಾಟರ್‌ಡ್ಯಾಮಿನಲ್ಲಿ ಕಿರಿಯರ ಕಪ್ ಗೆದ್ದು, 2016ರ ರಿಯೋದಲ್ಲಿ ಹಿರಿಯರ ಒಲಿಂಪಿಕ್ ಚಿನ್ನವನ್ನೂ ಗೆದ್ದುಕೊಂಡಿತು. ಸೋತವರು ಸೋಲನ್ನು ಜೋಪಾನ ಮಾಡಿದರು. ನಾವು ಗೆಲುವನ್ನು ಮಾಡಲಿಲ್ಲ. ಹುಡುಗರ ಕಾಲಿನಲ್ಲಿ ಕಸುವಿತ್ತು, ಅವರನ್ನು ಮುಂದಕ್ಕೆ ಕೊಂಡೊಯ್ಯುವ ವ್ಯವಸ್ಥೆಯಲ್ಲಿ ಇರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಎರಡನೆಯ ಕಪ್ಪಿನ ಕಥೆ ಹಾಗಾಗಲಿಲ್ಲ. 2016ರ ಡಿಸೆಂಬರ್ 18ರಂದು ಲಖನೌದಲ್ಲಿ ಗುರ್ಜಂತ್ ಸಿಂಗ್ ಮತ್ತು ಸಿಮ್ರನ್‌ಜೀತ್ ಸಿಂಗ್ ಹೊಡೆದ ಗೋಲುಗಳಿಂದ ಭಾರತ ಬೆಲ್ಜಿಯಮ್ಮನ್ನು 2-1ರಿಂದ ಸೋಲಿಸಿತು. ತರಬೇತುದಾರರು ಹರೇಂದ್ರ ಸಿಂಗ್. ಆ ಹುಡುಗರಲ್ಲಿ ಹರ್ಮನ್‌ಪ್ರೀತ್, ಮನದೀಪ್, ವರುಣ್ ಕುಮಾರ್, ಸುಮಿತ್, ನೀಲಕಂಠ ಶರ್ಮಾ, ಗುರ್ಜಂತ್, ಸಿಮ್ರನ್‌ಜೀತ್ ಇವರೆಲ್ಲ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ತಂಡದಲ್ಲಿದ್ದರು. ಕಂಚಿನ ಪಂದ್ಯದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷಗಳ ಬರವನ್ನು ನೀಗಿದಾಗ ಐದರಲ್ಲಿ ಎರಡು ಗೋಲು ಸಿಮ್ರನ್‌ಜೀತ್ ಅವರದು. ಈ ನಡುವೆ ವಿದೇಶಿ ತರಬೇತುದಾರರು ಬಂದಿದ್ದರು, ಬೆಂಗಳೂರಿನ ಶಿಬಿರಗಳು ವರ್ಷವಿಡೀ ನಡೆದಿದ್ದವು, 2018ರಿಂದ ಒಡಿಶಾ ಸರ್ಕಾರ ತಂಡಗಳ ಪ್ರಾಯೋಜಕತ್ವ ವಹಿಸಿತ್ತು. ಒಂದು ರಾಜ್ಯ ಸರ್ಕಾರ ಒಂದು ಆಟವನ್ನು ದತ್ತು ತೆಗೆದುಕೊಂಡ ಆ ನಡೆ ಹಿಂದಿನ ಅರಸರ ದತ್ತಿ ಶಾಸನಗಳನ್ನು ನೆನಪಿಸುತ್ತದೆ.

ಆದರೂ ವೀರಗಲ್ಲಿನ ಮಾತು ಇಲ್ಲಿಯೂ ಇದೆ. ಲಖನೌದಲ್ಲಿ ಕಪ್ಪನ್ನು ಕೈಯಲ್ಲಿ ಹಿಡಿದು ಎತ್ತಿದವರು ನಾಯಕ ಹರ್ಜೀತ್ ಸಿಂಗ್. ಅವರ ಬಾಳನ್ನು ಕುರಿತು 2018ರಲ್ಲಿ ಪಂಜಾಬಿಯಲ್ಲಿ ‘ಹರ್ಜೀತಾ’ ಎಂಬ ಚಲನಚಿತ್ರವೂ ಬಂದಿತು. ಟೋಕಿಯೋಕ್ಕೆ ಹೋದವರಲ್ಲಿ ಅವರ ಹೆಸರಿಲ್ಲ. ನಾಯಕನ ಮೇಲೆ ಸಿನಿಮಾ ಆಯಿತು, ಒಲಿಂಪಿಕ್ಸ್ ಆಗಲಿಲ್ಲ. ಇದರಲ್ಲಿ ಯಾರ ತಪ್ಪನ್ನೂ ನಾನು ಹುಡುಕುತ್ತಿಲ್ಲ. ಇಪ್ಪತ್ತರಲ್ಲಿ ಅರಳಿದವರೆಲ್ಲ ಇಪ್ಪತ್ತೈದರಲ್ಲಿ ಫಲ ಕೊಡಬೇಕೆಂಬ ನಿಯಮ ಯಾವ ಗಿಡಕ್ಕೂ ಇಲ್ಲ. ನಮ್ಮ ತೊಗರಿ ಹೊಲದ ರೈತನನ್ನು ಕೇಳಿದರೆ ಇದನ್ನು ನನಗಿಂತ ಚೆನ್ನಾಗಿ ಹೇಳಿಯಾನು.

ಹೆಣ್ಣುಮಕ್ಕಳ ಪಟ್ಟಿಯೂ ಉಂಟು. ಕಿರಿಯ ಮಹಿಳೆಯರ ವಿಶ್ವಕಪ್ 1989ರಲ್ಲಿ ಒಟ್ಟಾವಾದಲ್ಲಿ ಆರಂಭವಾಯಿತು. ಅದರಲ್ಲಿ ನೆದರ್ಲೆಂಡ್ಸಿನದೇ ದೊಡ್ಡ ಪಾಲು. 2013ರಲ್ಲಿ ಜರ್ಮನಿಯ ಮೊಂಚೆನ್‌ಗ್ಲಾಡ್‌ಬಾಖಿನಲ್ಲಿ ಸುಶೀಲಾ ಚಾನು ನಾಯಕತ್ವದ ನಮ್ಮ ಹುಡುಗಿಯರು ಇಂಗ್ಲೆಂಡನ್ನು ಸೋಲಿಸಿ ಕಂಚು ತಂದರು. ರಾಣಿ ರಾಂಪಾಲ್ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ. ಇದೇ ರಾಣಿ ಟೋಕಿಯೋದಲ್ಲಿ ಹಿರಿಯರ ತಂಡವನ್ನು ನಡೆಸಿ ನಾಲ್ಕನೆಯ ಸ್ಥಾನಕ್ಕೆ ತಂದರು. ಗಂಡುಮಕ್ಕಳ ಕಪ್ಪಿನ ಬಗೆಗೆ ಬರೆದಷ್ಟನ್ನು ನಮ್ಮ ಪತ್ರಿಕೆಗಳು ಈ ಕಂಚಿನ ಬಗೆಗೆ ಬರೆಯಲಿಲ್ಲ.

2013ರಲ್ಲಿ ದೆಹಲಿಯಲ್ಲಿ ಜರ್ಮನಿ, 2021ರಲ್ಲಿ ಭುವನೇಶ್ವರದಲ್ಲಿ ಅರ್ಜೆಂಟೀನಾ, 2023ರಲ್ಲಿ ಕ್ವಾಲಾಲಂಪುರದಲ್ಲಿ ಮತ್ತೆ ಜರ್ಮನಿ, ಹೀಗೆ ಪುರುಷರ ಪಟ್ಟಿ ಮುಂದುವರಿಯುತ್ತದೆ. ಕ್ವಾಲಾಲಂಪುರದಲ್ಲಿ ನಾಲ್ಕನೆಯದಾದ ನಮ್ಮ ತಂಡದಲ್ಲಿ ಕೊಡಗಿನ ಚಂದೂರ ಬಾಬಿ ಪೂವಣ್ಣ ಇದ್ದರು. 2025ರ ನವೆಂಬರ್-ಡಿಸೆಂಬರಿನಲ್ಲಿ ಚೆನ್ನೈ ಮತ್ತು ಮದುರೆಗಳಲ್ಲಿ 24 ತಂಡಗಳು ಆಡಿದವು. ಜರ್ಮನಿ ಸ್ಪೇನನ್ನು ಶೂಟೌಟಿನಲ್ಲಿ ಸೋಲಿಸಿ ಎಂಟನೆಯ ಬಾರಿಗೆ ಪಟ್ಟವೇರಿತು. ಕಂಚಿನ ಪಂದ್ಯದಲ್ಲಿ ಭಾರತಕ್ಕೆ ಎದುರಾದದ್ದು ನಮ್ಮ ಹಳೆಯ ಪರಿಚಯದ ಅರ್ಜೆಂಟೀನಾ. ಎರಡು ಗೋಲು ಹಿಂದೆ ಬಿದ್ದಿದ್ದ ನಮ್ಮ ಹುಡುಗರು ಕೊನೆಯ ಪಾದದಲ್ಲಿ ನಾಲ್ಕು ಗೋಲು ಹೊಡೆದು 4-2ರಿಂದ ಗೆದ್ದರು. ತರಬೇತುದಾರರು ಟೋಕಿಯೋದ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್.

ಆ ತಂಡದ ಯಾದಿಯನ್ನು ಪತ್ರಿಕೆಯಲ್ಲಿ ಓದುತ್ತ ಬಂದಾಗ ಪಂಜಾಬ, ಮಣಿಪುರ, ಒಡಿಶಾ ಕಡೆಯ ಹೆಸರುಗಳ ನಡುವೆ ಒಂದು ಹೆಸರು ಕಂಡಿತು: ಸುನಿಲ್ ಪಾಲಾಕ್ಷಪ್ಪ ಬೆನ್ನೂರ. ಕೊಡಗಿನ ಮನೆತನದ ಹೆಸರಲ್ಲ. ಪಾಲಾಕ್ಷಪ್ಪ ಎಂದು ತಂದೆಯ ಹೆಸರಿದ್ದರೆ ನಮ್ಮ ಬಯಲುಸೀಮೆಯವರು ಊರು ಯಾವುದೆಂದು ಕೇಳುವ ಮೊದಲೇ ನಮ್ಮವನೆಂದು ಮಣೆ ಹಾಕಿಬಿಡುತ್ತಾರೆ. ನಾನೂ ಹಾಗೆಯೇ ಮಾಡಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ತಂಡ ಆರಿಸುವ ದಿನ ಆ ಯಾದಿಯನ್ನು ಹೊರತೆಗೆದು, ಚೆನ್ನೈನ ಹುಡುಗರಲ್ಲಿ ಯಾರು ಯಾರು ಅಲ್ಲಿಗೆ ತಲುಪಿದರೆಂದು ಒಂದೊಂದಾಗಿ ಹೆಸರು ಹಿಡಿದು ನೋಡಬೇಕೆಂದಿದ್ದೇನೆ.