‘ಮೊದಲ ತಂಡ’ಕ್ಕೂ ಮೊದಲು: ಯುದ್ಧಕಾಲದ ಸೇನೆಗಳಲ್ಲಿ ಹೆಣ್ಣು, ಬಣ್ಣ, ದರ್ಜೆ

2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ ತರಬೇತಿ ಮುಗಿಸಿದ 83 ಯುವತಿಯರು ಭೂಸೇನೆಗೆ ಸೇರ್ಪಡೆಯಾದರು. ಅಧಿಕಾರಿಗಳಾಗಿ ಅಲ್ಲ, ಜವಾನರ ದರ್ಜೆಯಲ್ಲಿ. ಇಂಥ ಮಹಿಳಾ ತಂಡ ಇದೇ ಮೊದಲು ಎಂಬುದು ಸುದ್ದಿ. ಸ್ವತಂತ್ರ ಭಾರತದ ಮಟ್ಟಿಗೆ ಅದು ನಿಜ. ಲೆಕ್ಕವನ್ನು 1942ರಿಂದ ಹಿಡಿದರೆ ಮಾತು ಬೇರೆಯಾಗುತ್ತದೆ.

ಜಪಾನಿ ಪಡೆಗಳು ಬರ್ಮಾದೊಳಕ್ಕೆ ನುಗ್ಗಿದ್ದ ಆ ವರ್ಷ ವಸಾಹತು ಸರ್ಕಾರ ‘ವಿಮೆನ್ಸ್ ಆಕ್ಸಿಲಿಯರಿ ಕೋರ್’ ಎಂಬ ದಳ ಕಟ್ಟಿತು. ಬ್ರಿಟಿಷ್, ಆಂಗ್ಲೋ-ಇಂಡಿಯನ್ ಮತ್ತು ಭಾರತೀಯ ಮಹಿಳೆಯರು ಸೇರಿ ಅದರ ಬಲ 10,000 ದಾಟಿತು. ಟೈಪಿಂಗ್, ಟೆಲಿಫೋನ್, ಗುಪ್ತಲಿಪಿ, ವಾಹನ ಚಾಲನೆ ಇವರ ಕೆಲಸ. ಹೆಚ್ಚಿನವರು ಅಧಿಕಾರಿಗಳಲ್ಲ, ಸಾಮಾನ್ಯ ದರ್ಜೆಯವರು. ಭಾರತೀಯರು ಸಮವಸ್ತ್ರವಾಗಿ ಖಾಕಿ ಸೀರೆ ಉಡಬಹುದಿತ್ತು. ನೌಕಾ ವಿಭಾಗದ ಅಧಿಕಾರಿ ಕಲ್ಯಾಣಿ ಸೇನ್ 1945ರಲ್ಲಿ ಬ್ರಿಟನ್ನಿನ ನೌಕಾನೆಲೆ ನೋಡಲು ಹೋದದ್ದೂ ಸೀರೆಯಲ್ಲೇ.

ಬ್ರಿಟನ್ನಿನಲ್ಲಿ ಬಣ್ಣದ ಗೆರೆ ಎಲ್ಲ ಕಡೆ ಒಂದೇ ರೀತಿ ಬಿದ್ದಿರಲಿಲ್ಲ. ಟಿಪ್ಪು ಸುಲ್ತಾನನ ವಂಶಸ್ಥೆ ನೂರ್ ಇನಾಯತ್ ಖಾನ್ 1940ರ ನವೆಂಬರಿನಲ್ಲಿ ಅಲ್ಲಿನ ವಾಯುಪಡೆಯ ಸ್ತ್ರೀ ವಿಭಾಗ ಸೇರಿ ವೈರ್‌ಲೆಸ್ ಕಲಿತರು. 1943ರ ಜೂನ್‌ನಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಗುಟ್ಟಾಗಿ ಇಳಿದರು. 1944ರ ಸೆಪ್ಟೆಂಬರ್ 13ರಂದು ದಖಾವ್ ಶಿಬಿರದಲ್ಲಿ ಕೊಲೆಯಾದರು. ಆದರೆ ಕೆರಿಬಿಯನ್ನಿನ ಕಪ್ಪು ಮಹಿಳೆಯರನ್ನು ಭೂಸೇನೆಯ ಸ್ತ್ರೀ ವಿಭಾಗಕ್ಕೆ ತೆಗೆದುಕೊಳ್ಳಲು ಯುದ್ಧ ಇಲಾಖೆ ವರ್ಷಗಟ್ಟಲೆ ಮೀನಮೇಷ ಎಣಿಸಿತು. ಅವರ ಮೊದಲ ತಂಡ ಬ್ರಿಟನ್ ತಲುಪುವಾಗ 1943 ಕಳೆಯುತ್ತ ಬಂದಿತ್ತು.

ಅಮೆರಿಕದಲ್ಲಿ ಗೆರೆ ನಿಯಮವೇ ಆಗಿತ್ತು. 1942ರಲ್ಲಿ ಫೋರ್ಟ್ ಡೆ ಮೊಯಿನ್‌ಗೆ ಅಧಿಕಾರಿ ತರಬೇತಿಗೆ ಬಂದ ಮೊದಲ 440 ಮಹಿಳೆಯರಲ್ಲಿ ಕಪ್ಪು ಜನಾಂಗದವರಿಗೆ 40 ಜಾಗ. ಅವರ ವಾಸ, ಊಟದ ಮೇಜು ಎಲ್ಲ ಬೇರೆ. ಅವರಲ್ಲೊಬ್ಬರು ಚಾರಿಟಿ ಆಡಮ್ಸ್. 1945ರ ಫೆಬ್ರುವರಿಯಲ್ಲಿ ಅವರ ನಾಯಕತ್ವದ 6888ನೇ ಟಪಾಲು ದಳ ಬರ್ಮಿಂಗ್‌ಹ್ಯಾಮ್‌ಗೆ ಬಂದಾಗ, ಬಿಸಿಯೂ ಇಲ್ಲದ, ಬೆಳಕೂ ಇಲ್ಲದ ಗೋದಾಮುಗಳಲ್ಲಿ ಸೈನಿಕರ ಪತ್ರಗಳು ಬೆಟ್ಟದಂತೆ ಬಿದ್ದಿದ್ದವು. ರಾಬರ್ಟ್ ಸ್ಮಿತ್ ಹೆಸರಿನವರೇ 7,500 ಮಂದಿ! ಯಾರ ಪತ್ರ ಯಾರಿಗೆಂದು ಸೇನಾ ಸಂಖ್ಯೆ ನೋಡಿ ಗುರುತಿಸಬೇಕು. 855 ಮಹಿಳೆಯರು ಮೂರು ಪಾಳಿಯಲ್ಲಿ ದುಡಿದು, ಆರು ತಿಂಗಳ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು. ಲಂಡನ್ನಿನಲ್ಲಿ ಕಪ್ಪು ಮಹಿಳೆಯರಿಗೆಂದೇ ಪ್ರತ್ಯೇಕ ವಸತಿ ಏರ್ಪಟ್ಟಾಗ, ತನ್ನವರಾರೂ ಅಲ್ಲಿ ತಂಗದಂತೆ ಆಡಮ್ಸ್ ನೋಡಿಕೊಂಡರು.

ಯುದ್ಧ ಮುಗಿಯಿತು. 1946ರಲ್ಲಿ ಆ ದಳ ಸದ್ದಿಲ್ಲದೆ ಕರಗಿತು. 1947ರಲ್ಲಿ ಭಾರತದ ದಳವೂ ಮುಚ್ಚಿತು.

ಮುಂದಿನ ದಾರಿ ಮಾತ್ರ ಕವಲೊಡೆಯಿತು. 1948ರ ಜೂನ್‌ನಲ್ಲಿ ಅಮೆರಿಕ ಮಹಿಳೆಯರಿಗೆ ಸೇನೆಯಲ್ಲಿ ಕಾಯಂ ಸ್ಥಾನ ನೀಡಿತು. ಜುಲೈನಲ್ಲಿ ಅಧ್ಯಕ್ಷ ಟ್ರೂಮನ್ ವರ್ಣಭೇದ ಕೊನೆಗೊಳಿಸುವ ಆದೇಶ ಹೊರಡಿಸಿದರು. ಸಮಾನತೆಯ ಸಂವಿಧಾನ ಜಾರಿಯಾದ ವರ್ಷವೇ, ಅಂದರೆ 1950ರಲ್ಲಿ, ಭಾರತದ ಸೇನಾ ಕಾಯ್ದೆಯ 12ನೇ ಕಲಮು ಸರ್ಕಾರ ಹೆಸರಿಸಿದ ವಿಭಾಗಗಳನ್ನು ಬಿಟ್ಟು ಉಳಿದೆಡೆ ಮಹಿಳೆಯರಿಗೆ ಬಾಗಿಲು ಹಾಕಿತು. ದಾದಿಯರು, ವೈದ್ಯೆಯರು ಒಳಗುಳಿದರು. ಇತರ ವಿಭಾಗಗಳಲ್ಲಿ ಮಹಿಳಾ ಅಧಿಕಾರಿಗಳಿಗೆ ಅವಕಾಶ ಸಿಕ್ಕಿದ್ದು 1992ರಲ್ಲಿ. ಜವಾನರ ದರ್ಜೆಗೆ ಇನ್ನೂ 29 ವರ್ಷ ಹಿಡಿಯಿತು. ಖಾಕಿ ಸೀರೆಯ ದಳ ಮುಚ್ಚಿದ ದಿನಗಳಿಗೂ ಬೆಂಗಳೂರಿನ ಆ 83 ಯುವತಿಯರಿಗೂ ನಡುವೆ 74 ವರ್ಷಗಳ ಅಂತರ.