ತೆರೆದ ಕಿವಿ, ಮುಚ್ಚಿದ ಕಿವಿ

ಹೆಡ್‌ಫೋನ್ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಅದರ ಬೆಲೆಯದಲ್ಲ, ಕಂಪನಿಯದೂ ಅಲ್ಲ. ಅದನ್ನು ಎಲ್ಲಿ ಕುಳಿತು ಕೇಳುತ್ತೇವೆ ಎಂಬುದು. ಯಲಹಂಕದವರಾದ ನಮಗೆ ಈ ಪ್ರಶ್ನೆ ತುಸು ಹೆಚ್ಚೇ ಅನ್ವಯಿಸುತ್ತದೆ. ಒಂದು ಮಗ್ಗುಲಲ್ಲಿ 1963ರಿಂದ ವಾಯುನೆಲೆ, ಇನ್ನೊಂದು ಮಗ್ಗುಲಲ್ಲಿ ರೈಲ್ವೆ ಜಂಕ್ಷನ್. ಸಾಲದೆಂಬಂತೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹಗಲುರಾತ್ರಿಯೆನ್ನದೆ ಭೋರ್ಗರೆಯುವ ಬಳ್ಳಾರಿ ರಸ್ತೆ. "ಯಾವುದು ಒಳ್ಳೆಯದು ಮೇಷ್ಟ್ರೇ, ತೆರೆದದ್ದೋ ಮುಚ್ಚಿದ್ದೋ?" ಎಂದು ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಅವರಿಗೆ ನಾನು ಉತ್ತರದ ಬದಲು ಚರಿತ್ರೆಯನ್ನೇ ಹೇಳುತ್ತೇನೆ. ಏಕೆಂದರೆ ಈ ಎರಡೂ ಒಂದೇ ತಾಯಿಯ ಮಕ್ಕಳಲ್ಲ. ಒಂದು ಯುದ್ಧನೌಕೆಯ ಗದ್ದಲದಲ್ಲಿ ಬೆಳೆದದ್ದು. ಇನ್ನೊಂದು ಮನೆಯ ಪಡಸಾಲೆಯ ನೆಮ್ಮದಿಯಲ್ಲಿ ಹುಟ್ಟಿದ್ದು.

ಮೊದಲು ವ್ಯತ್ಯಾಸವೇನೆಂದು ನೋಡೋಣ. ಹೆಡ್‌ಫೋನಿನ ಒಳಗೆ ತೆಳುವಾದ ಒಂದು ಪೊರೆಯಿರುತ್ತದೆ. ಅದು ಕಂಪಿಸಿದಾಗ ಮುಂದಕ್ಕೆ, ಅಂದರೆ ಕಿವಿಯ ಕಡೆಗೆ, ಒಂದು ಅಲೆ ಹೊರಡುತ್ತದೆ. ಅಷ್ಟೇ ಬಲದ ಇನ್ನೊಂದು ಅಲೆ ಹಿಂದಕ್ಕೂ ಹೊರಡುತ್ತದೆ. ಈ ಹಿಂದಿನ ಅಲೆಯನ್ನು ಏನು ಮಾಡುವುದು ಎಂಬುದೇ ಇಡೀ ಸಮಸ್ಯೆ. ಬಟ್ಟಲಿನಂಥ ಗಟ್ಟಿ ಚಿಪ್ಪಿನೊಳಗೆ ಅದನ್ನು ಕೂಡಿಹಾಕಿದರೆ ಮುಚ್ಚಿದ ಹೆಡ್‌ಫೋನ್. ಚಿಪ್ಪಿನ ಬದಲು ಜಾಲರಿಯಿಟ್ಟು ಹೊರಗೆ ಹೋಗಲು ಬಿಟ್ಟರೆ ತೆರೆದ ಹೆಡ್‌ಫೋನ್. ಜಾಲರಿಯಿಂದ ಒಳಗಿನ ಸದ್ದು ಹೊರಗೆ ಹೋಗುವಂತೆಯೇ ಹೊರಗಿನ ಸದ್ದು ಒಳಗೂ ಬರುತ್ತದೆ. ಬಾಗಿಲು ಒಂದೇ ಅಲ್ಲವೇ!

ಮುಚ್ಚಿದ ವಂಶದ ಕಥೆ ಹಳೆಯದು. ಅಮೆರಿಕದ ಯೂಟಾ ಪ್ರಾಂತದ ನತಾನಿಯಲ್ ಬಾಲ್ಡ್ವಿನ್ ಎಂಬಾತ 1910ರಲ್ಲಿ ತನ್ನ ಅಡುಗೆಮನೆಯಲ್ಲೇ ಜೋಡಿಸಿದ ಹೆಡ್‌ಫೋನ್‌ಗಳನ್ನು ಆ ದೇಶದ ನೌಕಾಪಡೆಗೆ ಮಾರಿದ. ಹಡಗಿನ ತಂತಿರಹಿತ ತಂತಿವರದಿಗಾರನಿಗೆ (ಈ ವಿಚಿತ್ರ ಪದ ನನ್ನದೇ, ಕ್ಷಮೆಯಿರಲಿ) ಬೇಕಾಗಿದ್ದುದು ನಾದಮಾಧುರ್ಯವಲ್ಲ, ಇಂಜಿನ್ನಿನ ಅಬ್ಬರದ ನಡುವೆ ದೂರದಿಂದ ಬರುವ ಕ್ಷೀಣವಾದ ಚುಕ್ಕೆ ಗೆರೆಗಳ ಸದ್ದು. ಕಿವಿಗೆ ಒತ್ತಿ ಕೂರುವ ಗಟ್ಟಿ ಬಿಲ್ಲೆಗಳು, ತಲೆಯ ಮೇಲೆ ಬಾಗಿದ ಲೋಹದ ಸರಳು. ಆರಾಮದ ಮಾತು ಆಗ ಯಾರಿಗೂ ಹೊಳೆದಿರಲಿಲ್ಲ. ಹರಳು ರೇಡಿಯೊದ ಕಾಲದಲ್ಲಿ ಮನೆಮಂದಿಗೆಲ್ಲ ಕೇಳಲೆಂದು ಹೆಡ್‌ಫೋನನ್ನು ದೊಡ್ಡ ಬಟ್ಟಲಿನೊಳಗೆ ಇಟ್ಟು ಸುತ್ತ ಕುಳಿತು ಕೇಳುವ ಉಪಾಯವೂ ಬಳಕೆಯಲ್ಲಿತ್ತು. ಬಟ್ಟಲು ಸದ್ದನ್ನು ಹೆಚ್ಚಿಸುತ್ತಿತ್ತು ನಿಜ, ಆದರೆ ತನ್ನದೇ ಒಂದು ಗುಂಯ್‌ಗುಟ್ಟುವ ದನಿಯನ್ನೂ ಸೇರಿಸುತ್ತಿತ್ತು. ಮುಚ್ಚಿದ ಹೆಡ್‌ಫೋನಿನ ಗುಣದೋಷಗಳೆರಡೂ ಆ ಬಟ್ಟಲಿನಲ್ಲೇ ಇವೆ.

ನಮ್ಮ ನಾಡಿಗೆ ಬಂದರೆ, ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರವನ್ನು ಆರಂಭಿಸಿದ್ದು, ಮುಂದೆ ದೇಶಕ್ಕೆಲ್ಲ ಹೆಸರಾದ 'ಆಕಾಶವಾಣಿ' ಎಂಬ ಪದ ಅಲ್ಲಿ ಬಳಕೆಗೆ ಬಂದದ್ದು ಎಲ್ಲರೂ ಬಲ್ಲ ಸಂಗತಿ. ಬೆಂಗಳೂರು ಆಕಾಶವಾಣಿ 1955ರ ನವೆಂಬರಿನಲ್ಲಿ ಆರಂಭವಾಯಿತು. ಇಂಥ ಪ್ರಸಾರ ಕೊಠಡಿಗಳಲ್ಲಿ ಮೈಕಿನ ಮುಂದೆ ಕುಳಿತವರು ಧರಿಸುವುದು ಮುಚ್ಚಿದ ಹೆಡ್‌ಫೋನನ್ನೇ. ಕಾರಣ ಸರಳ: ತೆರೆದದ್ದನ್ನು ಧರಿಸಿದರೆ ಅದರಿಂದ ಸೋರಿದ ಸದ್ದನ್ನು ಮೈಕು ಮತ್ತೆ ಹಿಡಿದುಬಿಡುತ್ತದೆ. ಯಲಹಂಕದ ದೊಡ್ಡಬಳ್ಳಾಪುರ ರಸ್ತೆಯ ಬದಿಯಲ್ಲಿ 1994ರಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್ ಸಾಮರ್ಥ್ಯದ ಹ್ರಸ್ವತರಂಗ ಪ್ರಸಾರಕಗಳು ಕಾರ್ಯಾರಂಭ ಮಾಡಿದವು. ನಮ್ಮೂರಿನಿಂದ ಹೊರಟ ಆ ಅಲೆಗಳನ್ನು ಸಮುದ್ರದಾಚೆ, ಗೊರಗೊರ ಸದ್ದಿನ ನಡುವಿನಿಂದ ಹೆಕ್ಕಿ ಕೇಳುತ್ತಿದ್ದ ಹವ್ಯಾಸಿಗಳಿಗೂ ಮುಚ್ಚಿದ ಹೆಡ್‌ಫೋನೇ ಸಂಗಾತಿ.

ಬರ್ಲಿನ್ನಿನ ಆಯ್ಗನ್ ಬೇಯರ್ ಅವರ ಸಂಸ್ಥೆ 1937ರಲ್ಲಿ ಡಿಟಿ 48 ಎಂಬ ಹೆಡ್‌ಫೋನನ್ನು ಹೊರತಂದಿತು. ಸುರುಳಿ ಮತ್ತು ಅಯಸ್ಕಾಂತದಿಂದ ಪೊರೆಯನ್ನು ಚಲಿಸುವ, ಇಂದಿಗೂ ಹೆಚ್ಚಿನ ಹೆಡ್‌ಫೋನ್‌ಗಳಲ್ಲಿ ಉಳಿದಿರುವ ವಿಧಾನ ಅಲ್ಲಿ ನೆಲೆಗೊಂಡಿತು. ಆ ಉಪಕರಣ ಶ್ರವಣ ಪರೀಕ್ಷೆಗೂ ಬಳಕೆಯಾಯಿತೆಂಬುದು ಗಮನಾರ್ಹ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ವಾಕ್ ಮತ್ತು ಶ್ರವಣ ಸಂಸ್ಥೆಗೆ ಮಕ್ಕಳನ್ನು ಕರೆದೊಯ್ದ ಪೋಷಕರಿಗೆ ಗೊತ್ತು: ಕಿವಿಯ ಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. ಅಷ್ಟೊಂದು ನಿಶ್ಶಬ್ದವಿದ್ದರೂ ಕಿವಿಗೆ ಒತ್ತಿ ಕೂರುವ ಹೆಡ್‌ಫೋನೇ ಅಲ್ಲಿ ರೂಢಿ. ಅಳತೆಗೆ ಬೇಕಾದದ್ದು ಪ್ರತಿಸಲವೂ ಬದಲಾಗದ ಒಂದೇ ಬಗೆಯ ಸಂಪರ್ಕ, ಇಂಪು ಅಲ್ಲ.

ಈಗ ನಮ್ಮ ವಾಯುನೆಲೆಯ ಕಡೆ ತಿರುಗೋಣ. ಸಾರಿಗೆ ವಿಮಾನಗಳ ಚಾಲಕರಿಗೆ ತರಬೇತಿ ಕೊಡುವ ನೆಲೆ ಇದು. ರೆಕ್ಕೆಯ ಮೇಲೆ ಇಂಜಿನ್ನುಗಳನ್ನು ಹೊತ್ತ ಎಎನ್-32 ವಿಮಾನ ಮನೆಯ ಮೇಲೆ ಹಾದರೆ ಕಿಟಕಿಯ ಗಾಜು ಅದುರುವುದನ್ನು ಯಲಹಂಕದ ಮಕ್ಕಳೂ ಬಲ್ಲರು. ಅದರೊಳಗೇ ಗಂಟೆಗಟ್ಟಲೆ ಕೂರುವವರ ಗತಿಯೇನು? ದಪ್ಪ ಚಿಪ್ಪಿನ ಹೆಡ್‌ಫೋನ್ ಎತ್ತರದ ಸ್ಥಾಯಿಯ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಪಂಖಗಳ ಆಳವಾದ ಗುಡುಗನ್ನು ತಡೆಯಲಾರದು. ಉದ್ದನೆಯ ಅಲೆಗೆ ಚಿಪ್ಪಿನ ಗೋಡೆ ಒಂದು ಅಡ್ಡಿಯೇ ಅಲ್ಲ. ಇದಕ್ಕೆ ಉಪಾಯ ಶಾಲೆಯ ಪುಸ್ತಕದಲ್ಲೇ ಇದೆ. ಒಂದು ಅಲೆಯ ಉಬ್ಬಿಗೆ ಇನ್ನೊಂದರ ತಗ್ಗು ಸರಿಯಾಗಿ ಕೂಡಿದರೆ ಎರಡೂ ಅಳಿಯುತ್ತವೆ. ಜರ್ಮನಿಯ ಪಾಲ್ ಲ್ಯೂಗ್ ಈ ತತ್ತ್ವಕ್ಕೆ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಅದನ್ನು ಬಳಸಬಲ್ಲ ವಸ್ತುವಾಗಿಸಿದವರಲ್ಲಿ ಪ್ರಮುಖರು ಬಂಗಾಳಿ ತಂದೆಯ ಮಗ, ಅಮೆರಿಕದ ಪ್ರಾಧ್ಯಾಪಕ ಅಮರ್ ಬೋಸ್. 1978ರಲ್ಲಿ ಜ್ಯೂರಿಕ್‌ನಿಂದ ಹಿಂದಿರುಗುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತ ಕೇಳಿಸದೆ ಬೇಸತ್ತು, ಕುಳಿತಲ್ಲೇ ಲೆಕ್ಕ ಹಾಕತೊಡಗಿದರಂತೆ. ಅವರ ಸಂಸ್ಥೆ ವಿಮಾನ ಚಾಲಕರಿಗೆ 1989ರಲ್ಲಿ ಸದ್ದಳಿಸುವ ಹೆಡ್‌ಸೆಟ್ಟನ್ನು ಮಾರಾಟಕ್ಕೆ ತಂದಿತು. ಸಾಮಾನ್ಯ ಪ್ರಯಾಣಿಕರಿಗೆ ಅಂಥದ್ದು ಸಿಕ್ಕಿದ್ದು 2000ದಲ್ಲಿ. ಹನ್ನೊಂದು ವರ್ಷಗಳ ಹಿಂದೆ ಬಿದ್ದ ಒಂದು ಯೋಚನೆ ಚಾಲಕನ ಕಿವಿಗೆ, ಮತ್ತೆ ಹನ್ನೊಂದು ವರ್ಷಗಳಿಗೆ ನಮ್ಮ ಕಿವಿಗೆ!

ತೆರೆದ ವಂಶದ ಕಥೆ ಇದಕ್ಕೆ ತೀರ ಭಿನ್ನ. ಅಮೆರಿಕದ ಮಿಲ್ವಾಕಿ ನಗರದ ಜಾನ್ ಕಾಸ್ 1958ರಲ್ಲಿ ಮನೆಯಲ್ಲಿ ಸ್ಟೀರಿಯೋ ಸಂಗೀತ ಕೇಳಲೆಂದೇ ಹೆಡ್‌ಫೋನ್ ಮಾಡಿ, ಈ ಉಪಕರಣವನ್ನು ಸೈನಿಕನ ತಲೆಯಿಂದ ರಸಿಕನ ತಲೆಗೆ ದಾಟಿಸಿದ. ಆದರೆ ಅದೂ ಮುಚ್ಚಿದ್ದೇ, ಭಾರವಾದದ್ದೇ. ಮನೆಯಲ್ಲಿ ಇಂಜಿನ್ನಿನ ಸದ್ದಿಲ್ಲದ ಮೇಲೆ ಈ ಕವಚವೇಕೆ ಎಂಬ ಪ್ರಶ್ನೆಗೆ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 1968ರಲ್ಲಿ ಎಚ್‌ಡಿ 414ರ ಮೂಲಕ ಉತ್ತರ ಕೊಟ್ಟಿತು. ಹಿಂಬದಿ ಬಯಲು, ಕಿವಿಗೆ ಬರೀ ಸ್ಪಂಜಿನ ದಿಂಡು, ಹಗುರವಾದ ಪ್ಲಾಸ್ಟಿಕ್ ಮೈ. ಹಳದಿ ಸ್ಪಂಜು ಅದರ ಗುರುತಾಗಿ ಉಳಿಯಿತು. ಸೋನಿ ಸಂಸ್ಥೆಯ ವಾಕ್‌ಮನ್ 1979ರಲ್ಲಿ ಬಂದಾಗ ಅದರೊಂದಿಗೆ ಬಂದದ್ದೂ ಈ ಜಾತಿಯದೇ: ತಂತಿಯಂಥ ಪಟ್ಟಿಯ ಎರಡು ತುದಿಗಳಲ್ಲಿ ಎರಡು ಸ್ಪಂಜಿನ ಬಿಲ್ಲೆ. ವಿದೇಶದಿಂದ ಬಂದ ನೆಂಟರ ಪೆಟ್ಟಿಗೆಯಿಂದ ಅದು ಹೊರಬಂದಾಗ ಓಣಿಯ ಹುಡುಗರೆಲ್ಲ ಸರದಿಯಲ್ಲಿ ನಿಲ್ಲುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ನೆನೆಸಿಕೊಳ್ಳಬಹುದು. ಬಸ್ಸಿನಲ್ಲಿ ಪಕ್ಕದವರಿಗೆ ಕೇಳಿಸುತ್ತಿದ್ದ 'ಚಿಕ್ ಚಿಕ್' ಸದ್ದೂ ಆ ತೆರೆದ ಬೆನ್ನಿನದೇ.

ಹಾಗಾದರೆ ನಾದದ ದೃಷ್ಟಿಯಿಂದ ಯಾವುದು ಮೇಲು? ಇಲ್ಲಿ ನನ್ನ ಸಾಕ್ಷಿ ತಂಬೂರಿ. ಮೇಖ್ರಿ ವೃತ್ತದ ಬಳಿ 1948ರಲ್ಲಿ ಸಂಶೋಧನಾಲಯ ಕಟ್ಟಿದ ಸರ್ ಸಿ.ವಿ. ರಾಮನ್ ಬೆಳಕಿನ ವಿಷಯಕ್ಕೆ ಜಗತ್ಪ್ರಸಿದ್ಧರು. ಆದರೆ ಅದಕ್ಕೂ ಮುನ್ನ ಕಲಕತ್ತೆಯಲ್ಲಿದ್ದಾಗ ಅವರು ನಮ್ಮ ವಾದ್ಯಗಳನ್ನು ಕುರಿತು ಗಂಭೀರವಾಗಿ ಸಂಶೋಧಿಸಿದ್ದರೆಂಬುದನ್ನು ಕಡಿಮೆ ಜನ ಬಲ್ಲರು. ಮೃದಂಗದ ನಡುವಿನ ಕರಣೆ ಅದರ ಚರ್ಮದ ಕಂಪನಗಳನ್ನು ಹೇಗೆ ಸುಸ್ವರವಾಗಿಸುತ್ತದೆ ಎಂಬುದನ್ನು 1920ರಲ್ಲಿ ಪ್ರಕಟಿಸಿದರು. ಮರುವರ್ಷ ವೀಣೆ, ತಂಬೂರಿಗಳ ಸರದಿ. ತಂತಿಯನ್ನು ಅದರ ಸರಿಯಾದ ನಡುವೆ ಮೀಟಿದರೆ ಎರಡನೆಯ ಉಪಸ್ವರ ಹುಟ್ಟಕೂಡದೆಂದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ ಹೇಳುತ್ತದೆ. ತಂಬೂರಿ ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ! ಇಲ್ಲದಿರಬೇಕಾದ ಉಪಸ್ವರಗಳು ಅಲ್ಲಿ ಧಾರಾಳವಾಗಿ ಕೇಳಿಸುತ್ತವೆ. ಕಾರಣ ಅದರ ಅಗಲವಾದ, ನವಿರಾಗಿ ಇಳಿಜಾರಾದ ಕುದುರೆ. ಅದರ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ಒಂದು ನೂಲಿನೆಳೆ. ತಂತಿ ಒಂದೇ ಬಿಂದುವಿನಲ್ಲಿ ನಿಲ್ಲದೆ ಆ ಇಳಿಜಾರನ್ನು ಮುಟ್ಟುತ್ತ ಬಿಡುತ್ತ ಕಂಪಿಸುವುದರಿಂದ ಉಪಸ್ವರಗಳು ಒಂದಾದ ಮೇಲೊಂದು ತಲೆಯೆತ್ತಿ ಕರಗುತ್ತವೆ.

ಈ ತಲೆಯೆತ್ತುವ, ಕರಗುವ ಆಟವನ್ನು ಹೆಡ್‌ಫೋನ್ ಕೆಡಿಸದೆ ಕಿವಿಗೆ ಮುಟ್ಟಿಸಬೇಕು. ಮುಚ್ಚಿದ ಚಿಪ್ಪಿನೊಳಗೆ ಸಿಕ್ಕಿಬಿದ್ದ ಹಿಂದಿನ ಅಲೆ ಗೋಡೆಗೆ ಬಡಿದು ಮರಳಿ ಪೊರೆಯನ್ನು ತಟ್ಟುತ್ತದೆ. ಕೆಲವು ಆವೃತ್ತಿಗಳಲ್ಲಿ ಚಿಪ್ಪು ತಾನೇ ಅನುರಣಿಸುತ್ತದೆ. ಆಗ ತಂಬೂರಿಯ ಒಂದು ಉಪಸ್ವರ ತನ್ನ ಪಾಲಿಗಿಂತ ಹೆಚ್ಚು ಮೆರೆಯುತ್ತದೆ, ನೆರೆಯದು ಮಂಕಾಗುತ್ತದೆ. ಒಳಗೆ ಉಣ್ಣೆ, ಸ್ಪಂಜು ತುಂಬಿ ಇದನ್ನು ತಗ್ಗಿಸಿದ ಉತ್ತಮ ಮುಚ್ಚಿದ ಹೆಡ್‌ಫೋನ್‌ಗಳೂ ಇವೆ. ಅವುಗಳಿಗೆ ಬೆಲೆ ತೆರಬೇಕು. ತೆರೆದದ್ದರಲ್ಲಿ ಈ ರಗಳೆಯೇ ಕಡಿಮೆ. ಜೊತೆಗೆ, ನಾದ ತಲೆಯೊಳಗೆ ತುಂಬಿಕೊಂಡಂತೆ ಅನ್ನಿಸದೆ ತುಸು ಹೊರಗೆ, ಎದುರಿನ ವೇದಿಕೆಯ ಕಡೆಗೆ ಸರಿದಂತೆ ಭಾಸವಾಗುತ್ತದೆ. ಆದರೆ ಮೃದಂಗದ ಎಡದ ತೊಪ್ಪಿಯ ಗುಮಕಿಗೆ ಬಂದಾಗ ತೆರೆದದ್ದು ಸೋಲುವುದುಂಟು. ಮಂದ್ರದ ಉದ್ದನೆಯ ಅಲೆಗಳು ಹಿಂದಿನಿಂದ ಮುಂದಕ್ಕೆ ಸುತ್ತಿ ಬಂದು ಪರಸ್ಪರ ಅಳಿಸಿಕೊಳ್ಳುತ್ತವೆ. ಗಾಯನಕ್ಕೆ, ವೀಣೆಗೆ, ಕೊಳಲಿಗೆ ತೆರೆದದ್ದೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಡೋಲು-ಚಂಡೆಯ ಪ್ರಿಯರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

ಆರಾಮದ ವಿಷಯ ಸಂಕ್ಷೇಪವಾಗಿ ಹೇಳಿಬಿಡಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಮುಚ್ಚಿದ ಹೆಡ್‌ಫೋನಿನ ಕೃತಕ ಚರ್ಮದ ಮೆತ್ತೆಯೊಳಗೆ ಅರ್ಧ ಗಂಟೆಗೇ ಕಿವಿ ಬೆವರುತ್ತದೆ. ಸದ್ದು ತಡೆಯಬೇಕಾದರೆ ಅದು ಬಿಗಿಯಾಗಿ ಒತ್ತಲೇಬೇಕು. ಒತ್ತಿದರೆ ಕನ್ನಡಕದ ಕಡ್ಡಿ ಕಿವಿಯ ಹಿಂದೆ ನೋಯಿಸುತ್ತದೆ. ಅಷ್ಟಾದರೂ ಆ ಕಡ್ಡಿಯ ಸಂದಿನಲ್ಲಿ ಗಾಳಿ ನುಸುಳಿ ಮಂದ್ರ ಸ್ವರ ಸೋರಿಹೋಗುತ್ತದೆ. ಕನ್ನಡಕದವರಿಗೆ ಎರಡೂ ಕಡೆ ನಷ್ಟ. ಇನ್ನೊಂದು ವಿಚಿತ್ರವಿದೆ: ಕಿವಿ ಮುಚ್ಚಿದಾಗ ನಮ್ಮ ಮಾತು, ಅಗಿಯುವ ಚಕ್ಕುಲಿ ಎಲ್ಲವೂ ತಲೆಯೊಳಗೆ ದೊಡ್ಡದಾಗಿ ಮೊಳಗುತ್ತವೆ. ಮೂಳೆಯ ಮೂಲಕ ಬಂದ ಆ ಕಂಪನಕ್ಕೆ ಹೊರಹೋಗುವ ದಾರಿ ಮುಚ್ಚಿರುತ್ತದೆ. ತೆರೆದದ್ದರಲ್ಲಿ ಈ ಬಾಧೆಗಳು ಬಹುಪಾಲು ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ತೆರೆದದ್ದನ್ನೇ ಕೊಳ್ಳಿರೆಂದು ಹೇಳಿ ಮುಗಿಸಬಹುದಿತ್ತು, ಈ ಊರು ಹಳೆಯ ಊರಾಗಿದ್ದರೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಬಳ್ಳಾರಿ ರಸ್ತೆಯ ಬದಿಯಲ್ಲಿ ಮನೆಯಿದ್ದವರು ಇದನ್ನೋದಿ ನಗುತ್ತಾರೆ. 1996ರಲ್ಲಿ ಮೊದಲುಗೊಂಡ ವೈಮಾನಿಕ ಪ್ರದರ್ಶನದ ದಿನಗಳಲ್ಲಂತೂ ಯುದ್ಧವಿಮಾನ ತಲೆಯ ಮೇಲೆ ಹಾದಾಗ ಎದುರಿಗಿದ್ದವರ ಮಾತೂ ಕೇಳಿಸದು. ಅಂಥ ಕಡೆ ತೆರೆದ ಹೆಡ್‌ಫೋನ್ ಧರಿಸಿದವನ ಬೆರಳು ತಾನಾಗಿ ವಾಲ್ಯೂಮಿನ ಕಡೆಗೆ ಹೋಗುತ್ತದೆ. ಅಪಾಯವಿರುವುದು ಅಲ್ಲಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೊರತಂದ ಮಾನದಂಡದಂತೆ ದೊಡ್ಡವರು ವಾರಕ್ಕೆ 40 ಗಂಟೆ 80 ಡೆಸಿಬೆಲ್‌ನಲ್ಲಿ ಕೇಳಬಹುದು. ಮಕ್ಕಳಿಗೆ ಮಿತಿ 75. ಪ್ರತಿ 3 ಡೆಸಿಬೆಲ್‌ಗೆ ಶಬ್ದಶಕ್ತಿ ಇಮ್ಮಡಿ, ಆದ್ದರಿಂದ ಅವಧಿ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಊರಿನ ಸದ್ದನ್ನು ಗೆಲ್ಲಲೆಂದು 9 ಡೆಸಿಬೆಲ್ ಏರಿಸಿದವನು ವಾರದ ಪಾಲನ್ನು ಒಂದೇ ಮಧ್ಯಾಹ್ನದಲ್ಲಿ ಖರ್ಚು ಮಾಡಿರುತ್ತಾನೆ. ಹೀಗೆ ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ; ಮೊದಲು ಕಳೆಯುವುದು ಎತ್ತರದ ಆವೃತ್ತಿಗಳು, ಅಂದರೆ ತಂಬೂರಿಯ ಆ ಉಪಸ್ವರಗಳೇ.

ಆದ್ದರಿಂದ ಬಸ್ಸಿನಲ್ಲಿ, ರಸ್ತೆಬದಿಯ ಮನೆಯಲ್ಲಿ ಕೇಳುವವರಿಗೆ ಮುಚ್ಚಿದ್ದು, ಸಾಧ್ಯವಾದರೆ ಸದ್ದಳಿಸುವಂಥದ್ದು ವಿವೇಕದ ಆಯ್ಕೆ. ಅದೂ ಕಡಿಮೆ ವಾಲ್ಯೂಮಿನಲ್ಲಿ. ಆದರೆ ಅದನ್ನು ಧರಿಸಿ ರೈಲುಹಳಿ ದಾಟುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯುದ್ಧನೌಕೆಯವನಿಗೆ ಹೊರಗಿನ ಸದ್ದು ಬೇಡವಾಗಿತ್ತು. ಹಳಿಯ ಮೇಲಿರುವವನಿಗೆ ಬೇಕು. ಒಳಕೋಣೆಯ ಅನುಕೂಲವಿದ್ದವರು, ನಸುಕಿನಲ್ಲಿ ಏಳುವವರು ತೆರೆದದ್ದನ್ನೇ ಇಟ್ಟುಕೊಳ್ಳಲಿ. ಅಡುಗೆಮನೆಯಿಂದ ಕರೆದದ್ದೂ ಕೇಳಿಸುತ್ತದೆ, ಸಂಸಾರಸ್ಥರಿಗೆ ಇದೇನೂ ಸಣ್ಣ ಅನುಕೂಲವಲ್ಲ.

ಕೊಳ್ಳುವಾಗ ಕನ್ನಡಕ ಹಾಕಿಕೊಂಡೇ ಧರಿಸಿ ನೋಡಿ, ಕನಿಷ್ಠ ಹತ್ತು ನಿಮಿಷ. ಅಂಗಡಿಯವರು ಹಾಕುವ ಅಬ್ಬರದ ಹಾಡು ಬೇಡ. ನೀವೇ ಮೊಬೈಲಿನಲ್ಲಿ ಬರೀ ತಂಬೂರಿಯ ಒಂದು ಧ್ವನಿಮುದ್ರಣ ಒಯ್ಯಿರಿ. ಮುಚ್ಚಿದ್ದಾದರೆ ಎರಡು ಚಿಪ್ಪುಗಳನ್ನೂ ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಮಂದ್ರ ಸ್ವರ ಥಟ್ಟನೆ ಹೆಚ್ಚಿದರೆ ಅದು ನಿಮ್ಮ ಕಿವಿಗೆ ಸರಿಯಾಗಿ ಕೂತಿಲ್ಲವೆಂದು ತಿಳಿದು, ಪಕ್ಕಕ್ಕಿಟ್ಟು ಇನ್ನೊಂದನ್ನು ಕೇಳಿ.