ವಿದೇಶದ ಥೀಮ್ ಪಾರ್ಕ್‌ಗಳು ಮತ್ತು ಆಟಿಸಂ ಇರುವ ಮಕ್ಕಳು

ಆಟಿಸಂ ಅಥವಾ ಸ್ವಲೀನತೆ ರೋಗವಲ್ಲ. ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಇದೂ ಒಂದು. ಇಂತಹ ಮಕ್ಕಳಿಗೆ ಥೀಮ್ ಪಾರ್ಕ್‌ನಲ್ಲಿ ಹೆಚ್ಚಾಗಿ ಕಷ್ಟವಾಗುವುದು ಆಟಗಳಲ್ಲ. ಉದ್ದನೆಯ ಸರತಿ ಸಾಲು, ನೂಕುನುಗ್ಗಲು, ಹಠಾತ್ತನೆ ಬರುವ ಸದ್ದು.

ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ 2013ರಿಂದ 'ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್' ಎಂಬ ಸೌಲಭ್ಯವಿದೆ. ಕಾಯುವುದು ತಪ್ಪದು, ಆದರೆ ಸಾಲಿನಲ್ಲಿ ನಿಲ್ಲದೆ ಬೇರೆಡೆ ಕಾದು ನಿಗದಿತ ಸಮಯಕ್ಕೆ ಮರಳಬಹುದು. 2024ರಲ್ಲಿ ನಿಯಮ ಬಿಗಿಯಾಗಿ, ಇದು ಮುಖ್ಯವಾಗಿ ಆಟಿಸಂನಂತಹ ಬೆಳವಣಿಗೆಯ ವೈಕಲ್ಯವುಳ್ಳವರಿಗೆ ಸೀಮಿತವಾಯಿತು. ವಿಡಿಯೋ ಕರೆಯ ಮೂಲಕ ಮುಂಚಿತವಾಗಿಯೇ ನೋಂದಾಯಿಸಿಕೊಳ್ಳುವುದು ಉಚಿತ. ಆಗ ಮಗುವೂ ಜೊತೆಯಲ್ಲಿರಬೇಕು.

ಪೆನ್ಸಿಲ್ವೇನಿಯಾದ ಸೆಸಮಿ ಪ್ಲೇಸ್, 2018ರಲ್ಲಿ 'ಸರ್ಟಿಫೈಡ್ ಆಟಿಸಂ ಸೆಂಟರ್' ಎಂಬ ಮಾನ್ಯತೆ ಪಡೆದ ಮೊದಲ ಥೀಮ್ ಪಾರ್ಕ್. ಪ್ರತಿ ಆಟದ ಸದ್ದು, ಬೆಳಕು, ಸ್ಪರ್ಶಗಳ ತೀವ್ರತೆಯನ್ನು ಅಂಕಿಗಳಲ್ಲಿ ತಿಳಿಸುವ ಕೈಪಿಡಿ ಅಲ್ಲಿದೆ.

ಪ್ರಯಾಣದಲ್ಲಿಯೂ ನೆರವುಂಟು. ಕಣ್ಣಿಗೆ ಕಾಣದ ವೈಕಲ್ಯವನ್ನು ಸೂಚಿಸುವ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಆರಂಭವಾಯಿತು. ದೆಹಲಿ, ಬೆಂಗಳೂರು ನಿಲ್ದಾಣಗಳೂ ಅದನ್ನು ಅಳವಡಿಸಿಕೊಂಡಿವೆ.

ಈ ಎಲ್ಲ ನೆರವೂ ಕೇಳಿದವರಿಗೆ ಮಾತ್ರ. ಸಂಕೋಚದಿಂದ ಮಗುವಿನ ಸ್ಥಿತಿಯನ್ನು ಮುಚ್ಚಿಟ್ಟರೆ, ನಷ್ಟ ಮಗುವಿನದೇ.